ಫೋರ್ಕ್ ಸೀಲ್ ಸೋರಿದಾಗ: ಮಲೆನಾಡಿನ ಕೆಸರು ದಾರಿಯ ಬೈಕಿಗೆ

ಬೈಕಿನ ಮುಂಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕ್ ಕಾಲುಗಳ ಒಳಗೆ ಸ್ಪ್ರಿಂಗ್ ಮತ್ತು ಅಳೆದು ಹಾಕಿದ ಎಣ್ಣೆ ಇರುತ್ತವೆ. ಗುಂಡಿಯ ಹೊಡೆತವನ್ನು ಸ್ಪ್ರಿಂಗ್ ತಡೆದುಕೊಳ್ಳುತ್ತದೆ. ಹಾಗೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ಅಂಕೆಯಲ್ಲಿಡುವುದು ಸಣ್ಣ ರಂಧ್ರಗಳಲ್ಲಿ ಹಾದುಹೋಗುವ ಎಣ್ಣೆಯ ಕೆಲಸ. ಸಾಮಾನ್ಯ ಫೋರ್ಕಿನಲ್ಲಿ ಕ್ರೋಮ್ ಲೇಪಿಸಿದ ಉಕ್ಕಿನ ಕೊಳವೆ ಮೇಲಿನಿಂದ ಇಳಿದು, ಚಕ್ರವನ್ನು ಹಿಡಿದಿರುವ ಅಲ್ಯೂಮಿನಿಯಂ ಕೊಳವೆಯೊಳಗೆ ಜಾರುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಮೊದಲನೆಯದನ್ನು ಫೋರ್ಕ್ ಪೈಪ್ ಎಂದೂ ಎರಡನೆಯದನ್ನು ಬಾಟಮ್ ಕೇಸ್ ಎಂದೂ ಕೇಳಬೇಕು. ಇವೆರಡೂ ಸೇರುವ ಬಾಯಲ್ಲಿ ಕೂತಿರುವ ರಬ್ಬರ್ ಬಳೆಯೇ ಆಯಿಲ್ ಸೀಲ್. ಅದರ ತುಟಿ ಪೈಪನ್ನು ಸುತ್ತಲೂ ಅಪ್ಪಿಕೊಂಡಿರುತ್ತದೆ. ತುಟಿ ಸಡಿಲವಾಗದಂತೆ ಹಿಂಬದಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗಿನ ಬಳೆಯೊಂದು ಬಿಗಿದಿರುತ್ತದೆ. ಸೀಲಿನ ಮೇಲೆ ಕೂರುವುದು ಡಸ್ಟ್ ಸೀಲ್. ಎಣ್ಣೆಯನ್ನು ಒಳಗೇ ಹಿಡಿದಿಡುವುದು ಆಯಿಲ್ ಸೀಲಿನ ಕೆಲಸವಾದರೆ, ಮಣ್ಣು ನೀರನ್ನು ಹೊರಗೇ ನಿಲ್ಲಿಸುವುದು ಡಸ್ಟ್ ಸೀಲಿನ ಕೆಲಸ.

ಎಣ್ಣೆ ಸೋರಿದ ಕೂಡಲೇ ಸೀಲ್ ಹೋಯಿತು, ಹೊಸದು ಹಾಕಿಸಿದರಾಯಿತು ಎನ್ನುವುದು ವಾಡಿಕೆ. ಹಾಗೆ ಹಾಕಿಸಿದ ಹೊಸ ಸೀಲ್ ಒಂದು ಮಳೆಗಾಲವನ್ನೂ ದಾಟದೆ ಮತ್ತೆ ಸೋರುವುದೂ ಅಷ್ಟೇ ವಾಡಿಕೆ. ಸೀಲ್ ತಾನಾಗಿ ಕೆಡುವುದು ಕಡಿಮೆ. ಅದನ್ನು ಕೆಡಿಸುವುದು ಬಹುತೇಕ ಪೈಪಿನ ಮೈಮೇಲಿರುವ ಏನೋ ಒಂದು: ಒಣಗಿದ ಕೆಸರಿನ ಹಕ್ಕಳೆ, ತುಕ್ಕಿನ ಚುಕ್ಕೆ, ಕಲ್ಲು ಬಡಿದು ಎದ್ದ ಗೀರು. ಆದ್ದರಿಂದ ರಿಪೇರಿ ಶುರುವಾಗಬೇಕಾದ್ದು ಸೀಲಿನಿಂದಲ್ಲ, ಪೈಪಿನಿಂದ.

ಆಗುಂಬೆಯ ಸುತ್ತಿನ ದಾರಿಗಳು ಈ ಮಾತಿಗೆ ಒಳ್ಳೆಯ ಸಾಕ್ಷಿ. ತೀರ್ಥಹಳ್ಳಿ ತಾಲ್ಲೂಕಿನ ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೀರ್ಥಹಳ್ಳಿಯಿಂದ ಬಂದು ಹೆಬ್ರಿಯ ಕಡೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ಘಟ್ಟದ 14 ತಿರುವುಗಳಿವೆ. ಹೆದ್ದಾರಿ ಬಿಟ್ಟು ಒಳಗೆ ಹೊಕ್ಕರೆ ಅಡಿಕೆ ತೋಟದ ದಾರಿ, ಗದ್ದೆಯಂಚಿನ ದಾರಿ, ಹೊಸನಗರದ ಕಡೆ ಕೊಡಚಾದ್ರಿಯ ತಪ್ಪಲಿನ ಕಲ್ಲುದಾರಿ, ಸಾಗರದ ಕಡೆ ಶರಾವತಿ ಹಿನ್ನೀರಿನ ಅಂಚಿನ ಮಣ್ಣುದಾರಿ. ಎಲ್ಲ ಕಡೆಯೂ ಜಂಬಿಟ್ಟಿಗೆಯ ಕೆಮ್ಮಣ್ಣು. ಅದರ ನುಣ್ಣನೆಯ ಪುಡಿ ನೀರಿನಲ್ಲಿ ಕಲೆತಾಗ ಪೈಪಿಗೆ ತೆಳ್ಳಗೆ ಮೆತ್ತಿಕೊಳ್ಳುತ್ತದೆ, ಬಿಸಿಲು ಬಿದ್ದು ಒಣಗಿದರೆ ಉಗುರಿನಿಂದ ಕೆರೆಯಬೇಕಾಗುತ್ತದೆ. ಕಬ್ಬಿಣದ ಆಕ್ಸೈಡಿನ ಜೊತೆ ಗಟ್ಟಿಯಾದ ಮರಳಿನ ಕಣಗಳೂ ಅದರಲ್ಲಿರುತ್ತವೆ. ಮರುದಿನ ಬೆಳಿಗ್ಗೆ ಬೈಕ್ ಹೊರಟು ಫೋರ್ಕ್ ಮೊದಲ ಸಲ ಕುಗ್ಗಿದಾಗ ಆ ಹಕ್ಕಳೆ ಡಸ್ಟ್ ಸೀಲಿನ ಅಂಚನ್ನು ಎತ್ತಿ ಒಳಗೆ ಹೋಗುತ್ತದೆ. ಒಂದು ಕಣ ಆಯಿಲ್ ಸೀಲಿನ ತುಟಿಯ ಕೆಳಗೆ ಸಿಕ್ಕಿಕೊಂಡರೆ ಸಾಕು, ಅಲ್ಲಿಂದ ಎಣ್ಣೆಗೆ ದಾರಿಯಾಗುತ್ತದೆ.

ನಿಜವಾದ ಡರ್ಟ್ ಬೈಕುಗಳು ಈ ಭಾಗದಲ್ಲಿ ವಿರಳ. ಇಲ್ಲಿ ಕೆಸರು ತುಳಿಯುವವು ಹೆಚ್ಚಾಗಿ ಹೀರೋ ಇಂಪಲ್ಸ್, 2019ರಲ್ಲಿ ಬಂದ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮಾದರಿಯವು, ಜೊತೆಗೆ ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊತ್ತು ತೋಟಕ್ಕೆ ಹೋಗುವ 100 ಸಿಸಿಯ ಲೆಕ್ಕವಿಲ್ಲದಷ್ಟು ಬೈಕುಗಳು. ಎಕ್ಸ್‌ಪಲ್ಸ್ 200ರ ಮುಂದಿನ ಫೋರ್ಕ್ 190 ಮಿ.ಮೀ.ವರೆಗೆ ಕುಗ್ಗಬಲ್ಲದು, ಮೊದಲ ಹಿಮಾಲಯನ್ನಿನದು 200 ಮಿ.ಮೀ. ಕುಗ್ಗುವ ಅಳತೆ ಹೆಚ್ಚಿದಷ್ಟೂ ಹೊರಗೆ ತೆರೆದುಕೊಂಡಿರುವ ಪೈಪು ಉದ್ದ, ಪ್ರತಿ ಗುಂಡಿಗೂ ಸೀಲಿನ ಕೆಳಗೆ ಜಾರಿಹೋಗುವ ಮೈಯೂ ಉದ್ದ. ಮಣ್ಣುದಾರಿಗೆಂದೇ ಮಾಡಿದ ಬೈಕಿನ ಸೀಲ್ ಬೇಗ ಸೋರುವುದರಲ್ಲಿ ಆಶ್ಚರ್ಯವಿಲ್ಲ.

ಘಟ್ಟ ಹತ್ತಿಸುವುದರಿಂದಲೇ ಸೀಲ್ ಒಡೆಯುತ್ತದೆ ಎಂಬ ನಂಬಿಕೆಯೂ ಇದೆ. ಮುಚ್ಚಿದ ಫೋರ್ಕಿನೊಳಗೆ ಗಾಳಿ ಸಿಕ್ಕಿಕೊಂಡಿರುವುದು, ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುವುದು ಎರಡೂ ನಿಜ. ಆದರೆ ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ವಾಯುಒತ್ತಡ ಕರಾವಳಿಯದಕ್ಕಿಂತ ಶೇ 7ರಷ್ಟು ಮಾತ್ರ ಕಡಿಮೆ. ಆರೋಗ್ಯವಾಗಿರುವ ಸೀಲಿಗೆ ಅದು ಲೆಕ್ಕಕ್ಕೇ ಇಲ್ಲ. ಮೊದಲೇ ಸೋತ ಸೀಲ್ ಘಟ್ಟದ ಮೇಲೆ ಜಿನುಗಿದರೆ ಬೈಗುಳ ಘಟ್ಟಕ್ಕೆ ಬೀಳುತ್ತದೆ, ಅಷ್ಟೆ. ಸ್ಪರ್ಧೆಯ ಡರ್ಟ್ ಬೈಕುಗಳ ಫೋರ್ಕಿನ ಮುಚ್ಚಳದಲ್ಲಿ ಗಾಳಿ ಬಿಡುವ ಪುಟ್ಟ ಸ್ಕ್ರೂ ಇರುತ್ತದೆ. ಮುಂಚಕ್ರವನ್ನು ನೆಲದಿಂದ ಎತ್ತಿ ಅದನ್ನು ಸಡಿಲಿಸಿ ಬಿಗಿದರೆ ಒತ್ತಡ ಸಮವಾಗುತ್ತದೆ.

ಸೋರಿಕೆಯ ಗುರುತು

ಪೈಪಿನ ಮೇಲೆ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ. ಸೀಲಿನ ತುಟಿಗೆ ಜಾರಲು ಅಷ್ಟು ಬೇಕೇ ಬೇಕು. ಬೆರಳಿಗೆ ಅಂಟುವ ಕಪ್ಪು ಉಂಗುರ, ಅದಕ್ಕೆ ಹತ್ತಿದ ಧೂಳು, ಬಾಟಮ್ ಕೇಸಿನ ಮೇಲೆ ಇಳಿದ ಗೆರೆ ಕಂಡರೆ ಅದು ಸೋರಿಕೆ. ಮಳೆಗಾಲದಲ್ಲಿ ಇದನ್ನು ಗುರುತಿಸುವುದೇ ಕಷ್ಟ, ಏಕೆಂದರೆ ಎಲ್ಲವೂ ಒದ್ದೆ, ಎಲ್ಲವೂ ಕೆಂಪು. ಬೈಕನ್ನು ತೊಳೆದು, ಎರಡೂ ಪೈಪುಗಳನ್ನು ಒಣ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹತ್ತು ಹದಿನೈದು ಸಲ ಜೋರಾಗಿ ಒತ್ತಿ ನೋಡಬೇಕು. ಹೊಸದಾಗಿ ಉಂಗುರ ಮೂಡಿದರೆ ಅನುಮಾನವಿಲ್ಲ. ಬಂದದ್ದು ಫೋರ್ಕಿನ ಎಣ್ಣೆಯೋ ಬ್ರೇಕ್ ಆಯಿಲೋ ಎಂಬ ಗೊಂದಲವಿದ್ದರೆ ಒಂದು ಹನಿಯನ್ನು ನೀರಿಗೆ ಬಿಟ್ಟರಾಯಿತು: ಫೋರ್ಕ್ ಎಣ್ಣೆ ತೇಲಿ ಬಣ್ಣಬಣ್ಣದ ಪೊರೆಯಾಗುತ್ತದೆ, ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ.

ತಲೆಕೆಳಗಾದ ಫೋರ್ಕುಗಳಲ್ಲಿ ದಪ್ಪ ಕೊಳವೆ ಮೇಲೆ, ಕ್ರೋಮ್ ಪೈಪು ಕೆಳಗೆ. 2023ರ ಕೊನೆಗೆ ಬಂದ ಹಿಮಾಲಯನ್ 450ರಲ್ಲಿರುವುದು ಈ ಬಗೆ. ಸ್ಪರ್ಧೆಯ ಡರ್ಟ್ ಬೈಕುಗಳಲ್ಲೂ ಇದೇ. ಇಲ್ಲಿ ಸೀಲಿನ ಬಾಯಿ ಕೆಳಮುಖವಾಗಿರುವುದರಿಂದ ಸೋರಿದ ಎಣ್ಣೆ ಎಲ್ಲಿಯೂ ನಿಲ್ಲದೆ ನೇರವಾಗಿ ಆಕ್ಸಲಿನವರೆಗೆ ಇಳಿಯುತ್ತದೆ.

ಎಣ್ಣೆ ಎಲ್ಲಿಗೆ ಇಳಿಯುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಡಿಸ್ಕ್ ಬ್ರೇಕಿನ ಬೈಕುಗಳಲ್ಲಿ ಫೋರ್ಕ್ ಕಾಲಿನ ಬುಡದಲ್ಲಿಯೇ ಬ್ರೇಕ್ ಕ್ಯಾಲಿಪರ್ ಇದೆ. ಪ್ಯಾಡಿಗೂ ಡಿಸ್ಕಿಗೂ ಎಣ್ಣೆ ಹತ್ತಿದರೆ ಮುಂದಿನ ಬ್ರೇಕ್ ಇದ್ದೂ ಇಲ್ಲದಂತೆ. ಆಗುಂಬೆಯಿಂದ ಘಟ್ಟದ ಬುಡದ ಸೋಮೇಶ್ವರಕ್ಕೆ ಇಳಿಯುವಾಗ ಬೈಕಿನ ಭಾರವೆಲ್ಲ ಮುಂಚಕ್ರದ ಮೇಲೆ ಬಿದ್ದಿರುತ್ತದೆ. ಒದ್ದೆ ರಸ್ತೆ, ಮಂಜು, ಎದುರಿಗೆ ತಿರುವು ತುಂಬಿಕೊಂಡು ಬರುವ ಬಸ್ಸು; ಅಂಥಲ್ಲಿ ಮುಂದಿನ ಬ್ರೇಕ್ ಕೈಕೊಟ್ಟರೆ ಹಿಂದಿನ ಬ್ರೇಕಿನಿಂದ ಆಗುವುದು ಅಷ್ಟಕ್ಕಷ್ಟೆ. ಜಿನುಗು ಪೈಪಿನ ಮೇಲಷ್ಟೇ ಇರುವ ತನಕ ಮನೆಗೆ, ಪೇಟೆಗೆ ನಿಧಾನವಾಗಿ ಓಡಿಸಬಹುದು. ಕ್ಯಾಲಿಪರ್ ಕಡೆಗೆ ಹನಿ ಇಳಿದಿದ್ದರೆ ಘಟ್ಟ ಇಳಿಯಬಾರದು. ಎಣ್ಣೆ ಕುಡಿದ ಪ್ಯಾಡುಗಳನ್ನು ಸುಟ್ಟು, ಉಜ್ಜಿ ಮತ್ತೆ ಹಾಕುವ ಪದ್ಧತಿ ಕೆಲವೆಡೆ ಉಂಟು. ಅದು ನಂಬಿಕೆಗೆ ಯೋಗ್ಯವಲ್ಲ. ಹೊಸ ಪ್ಯಾಡ್ ಹಾಕಿ, ಡಿಸ್ಕನ್ನು ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಸೀಮೆಎಣ್ಣೆ, ಡೀಸೆಲ್ ತಾವೇ ಪಸೆ ಬಿಡುವುದರಿಂದ ಡಿಸ್ಕಿನ ಹತ್ತಿರ ಸುಳಿಯಬಾರದು.

ಮೊದಲು ತೊಳೆತ, ಆಮೇಲೆ ಬದಲಾವಣೆ

ಕೆಸರಿನ ಸವಾರಿಯ ಮರುದಿನ ಇದ್ದಕ್ಕಿದ್ದಂತೆ ಶುರುವಾದ ಸೋರಿಕೆಗೆ ಸೀಲಿನ ತುಟಿಯಲ್ಲಿ ಸಿಕ್ಕಿದ ಕಣವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಹೊರತೆಗೆಯಲು ಫೋರ್ಕ್ ಬಿಚ್ಚಬೇಕಾಗಿಲ್ಲ. ಇದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಪಟ್ಟಿಗಳು ಮಾರಾಟಕ್ಕಿವೆ. ತಂಪು ಪಾನೀಯದ ಬಾಟಲಿಯ ಗೋಡೆಯಿಂದಲೋ ಹಳೆಯ ಎಕ್ಸ್‌-ರೇ ಹಾಳೆಯಿಂದಲೋ ಮನೆಯಲ್ಲೂ ಕತ್ತರಿಸಿಕೊಳ್ಳಬಹುದು. ಎರಡು ಬೆರಳಗಲದ ಪಟ್ಟಿಯ ತುದಿಯಲ್ಲಿ ಒಂದು ಬದಿಗೆ ಚಿಕ್ಕ ಕೊಕ್ಕೆ ಬರುವಂತೆ ಕತ್ತರಿಸಿ, ಅಂಚುಗಳನ್ನು ನಯವಾದ ಮರಳುಕಾಗದದಿಂದ ಉಜ್ಜಿ ಮೊಂಡಾಗಿಸಬೇಕು. ಕಬ್ಬಿಣದ ಪಟ್ಟಿ, ಫೀಲರ್ ಗೇಜ್, ಬ್ಲೇಡು ಯಾವುದೂ ಕೂಡದು. ಅವು ಕಣವನ್ನೂ ತೆಗೆಯುತ್ತವೆ, ತುಟಿಯನ್ನೂ ಸೀಳುತ್ತವೆ.

ಪೈಪನ್ನು ಮೊದಲು ಚೆನ್ನಾಗಿ ತೊಳೆದು ಒರೆಸಬೇಕು. ಡಸ್ಟ್ ಸೀಲಿನ ಅಂಚಿಗೆ ತೆಳ್ಳನೆಯ ಸ್ಕ್ರೂಡ್ರೈವರ್ ಕೊಟ್ಟು, ಸುತ್ತಲೂ ಸ್ವಲ್ಪ ಸ್ವಲ್ಪವೇ ಮೀಟಿ ಮೇಲೆ ಸರಿಸಬೇಕು. ಸ್ಕ್ರೂಡ್ರೈವರಿನ ತುದಿಗೆ ಇನ್ಸುಲೇಶನ್ ಟೇಪು ಸುತ್ತಿದ್ದರೆ ಪೈಪಿಗೆ ಗೀರು ಬೀಳುವುದಿಲ್ಲ. ಡಸ್ಟ್ ಸೀಲ್ ಮೇಲೆದ್ದಾಗ ಅದರಡಿಯಲ್ಲಿ ಕೂತ ಕೆಂಪು ಕೆಸರು, ಕೆಲವೊಮ್ಮೆ ಆಯಿಲ್ ಸೀಲನ್ನು ಹಿಡಿದಿಡುವ, ತುಕ್ಕು ಹಿಡಿದ ಲಾಕ್ ಕ್ಲಿಪ್ ಕಣ್ಣಿಗೆ ಬೀಳುತ್ತವೆ. ಆ ಜಾಗವನ್ನು ಬಟ್ಟೆಯಿಂದ ಒರೆಸಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯನ್ನು ಪೈಪಿಗೆ ಒತ್ತಿ ಹಿಡಿದು ಆಯಿಲ್ ಸೀಲಿನ ತುಟಿಯ ಕೆಳಗೆ ತೂರಿಸಿ, ಪೈಪಿನ ಸುತ್ತ ಒಂದು ಸುತ್ತು ತಿರುಗಿಸಿ, ಕೊಕ್ಕೆ ಕಣವನ್ನು ಎಳೆದು ತರುವಂತೆ ಮೇಲಕ್ಕೆ ತೆಗೆಯಬೇಕು. ಪಟ್ಟಿಯನ್ನು ಒರೆಸಿ ಇನ್ನೊಮ್ಮೆ. ಚೊಕ್ಕಟವಾಗಿ ಬರುವವರೆಗೂ ಹೀಗೆ ಮಾಡಿ, ಹ್ಯಾಂಡಲ್ ಒತ್ತಿ ಪರೀಕ್ಷಿಸಿ, ಡಸ್ಟ್ ಸೀಲನ್ನು ಕೂರಿಸಬಹುದು. ತಲೆಕೆಳಗಾದ ಫೋರ್ಕಿನಲ್ಲಿ ಡಸ್ಟ್ ಸೀಲನ್ನು ಕೆಳಕ್ಕೆ ಇಳಿಸಿ, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಬೇಕು.

ಹತ್ತು ನಿಮಿಷದ ಈ ಕೆಲಸದಿಂದ ಸೋರಿಕೆ ನಿಂತರೆ ಸೀಲ್ ಬದಲಿಸುವ ಖರ್ಚು ಉಳಿಯಿತು. ಹೋದ ಎಣ್ಣೆಯಂತೂ ಹೋಗಿರುತ್ತದೆ. ಒಂದು ಕಾಲಿನಲ್ಲಿ ಇರುವುದೇ ಕೆಲವು ನೂರು ಮಿಲಿಲೀಟರ್; ಬಹಳ ದಿನ ಸೋರಿದ್ದರೆ ಎರಡೂ ಕಾಲುಗಳ ಎಣ್ಣೆ ಬದಲಿಸುವುದು ಒಳ್ಳೆಯದು. ಸೋರುವ ಕಾಲಿಗೆ ಅಂದಾಜಿನಲ್ಲಿ ಸುರಿದರೆ ಎರಡು ಕಾಲುಗಳ ಮಟ್ಟ ಬೇರೆಬೇರೆಯಾಗುತ್ತದೆ.

ಡಸ್ಟ್ ಸೀಲಿನ ಮೇಲೆ ಸಿಲಿಕೋನ್ ಗೋಂದು ಬಳಿಯುವುದು, ಪೈಪಿಗೆ ಬಟ್ಟೆ ಬಿಗಿದು ಕಟ್ಟುವುದು, ಸೀಲನ್ನು ಊದಿಸುವ ದ್ರವವನ್ನು ಎಣ್ಣೆಗೆ ಬೆರೆಸುವುದು ಇವೆಲ್ಲ ಸೋರಿಕೆಯನ್ನು ಮುಚ್ಚಿಡುವ ಉಪಾಯಗಳು, ನಿಲ್ಲಿಸುವವಲ್ಲ. ಬಟ್ಟೆ ಕಟ್ಟುವುದಾದರೆ ಒಂದೇ ಕಾರಣಕ್ಕೆ ಕಟ್ಟಬಹುದು: ಗ್ಯಾರೇಜ್ ತಲುಪುವವರೆಗೆ ಎಣ್ಣೆ ಕ್ಯಾಲಿಪರಿಗೆ ಇಳಿಯದಿರಲಿ ಎಂದು.

ಪೈಪಿನ ಪರೀಕ್ಷೆ

ಚೊಕ್ಕಟ ಮಾಡಿದ ಮೇಲೂ ಸೋರಿದರೆ ಪೈಪನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಬೆರಳ ಉಗುರನ್ನು ಮೇಲಿನಿಂದ ಕೆಳಕ್ಕೆ, ಸುತ್ತಲೂ ಎಳೆದಾಗ ಉಗುರು ತಡೆದ ಜಾಗದಲ್ಲಿ ದೋಷವಿದೆ. ಸೀಲ್ ಓಡಾಡುವ ಭಾಗ ಮಾತ್ರ ಲೆಕ್ಕಕ್ಕೆ. ಅದಕ್ಕಿಂತ ಮೇಲಿನ, ಕ್ಲಾಂಪಿನ ಹತ್ತಿರದ ತುಕ್ಕು ನೋಡಲು ಚೆಂದವಿರದಿದ್ದರೂ ಸೋರಿಕೆಗೆ ಕಾರಣವಲ್ಲ.

ಮಲೆನಾಡಿನಲ್ಲಿ ತುಕ್ಕಿಗೆ ಎರಡು ಕಾರಣಗಳು. ಒಂದು ತೇವ: ಜಡಿಮಳೆಯ ತಿಂಗಳುಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೋ ಜಗಲಿಯಂಚಿನಲ್ಲೋ ನಿಂತ ಬೈಕಿನ ಪೈಪು ವಾರಗಟ್ಟಲೆ ಒಣಗುವುದೇ ಇಲ್ಲ. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ತೇವ ಅವುಗಳ ಮೂಲಕ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ, ಮೇಲಿನ ಕ್ರೋಮ್ ಗುಳ್ಳೆಯಾಗಿ ಏಳುತ್ತದೆ. ಇನ್ನೊಂದು, ತೋಟದ ಬೈಕುಗಳಿಗೇ ಮೀಸಲಾದದ್ದು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಹೊಡೆಯುವುದು ಇಲ್ಲಿನ ರೂಢಿ. ಅದಕ್ಕೆ ಬೇಕಾದ ಮೈಲುತುತ್ತದ ನೀರಿನ ಕ್ಯಾನು ಬೈಕಿನ ಮೇಲೆಯೇ ತೋಟ ಸೇರುತ್ತದೆ. ಮೈಲುತುತ್ತ ಕಬ್ಬಿಣವನ್ನು ಕರಗಿಸುವ ಲವಣ. ಅದರ ತಯಾರಿಗೆ ಕಬ್ಬಿಣದ ಪಾತ್ರೆ ಬಳಸಬಾರದು ಎನ್ನುವುದು ಬೆಳೆಗಾರರಿಗೆ ಗೊತ್ತಿರುವ ಮಾತೇ. ಬೈಕಿನ ಫೋರ್ಕಿಗೆ ಚೆಲ್ಲಿದಾಗ ಆ ಮಾತು ನೆನಪಾಗುವುದಿಲ್ಲ. ಕ್ರೋಮ್ ಬಿರಿದ ಕಡೆ ಅದು ಉಕ್ಕಿಗೆ ತಗುಲಿದರೆ ತೇವಕ್ಕಿಂತ ವೇಗವಾಗಿ ಗುಳಿ ಬೀಳಿಸುತ್ತದೆ. ಹೊಡೆದು ಬಂದ ಸಂಜೆ ಮುಂಭಾಗಕ್ಕೆ ಎರಡು ಚೊಂಬು ನೀರು ಸುರಿದು ಒರೆಸಿದರೆ ಸಾಕು.

ಎದ್ದು ನಿಂತ ಗೀರಿನ ಅಂಚನ್ನು 1500 ಅಥವಾ 2000 ನಂಬರಿನ ನೀರುಕಾಗದಕ್ಕೆ ಎಣ್ಣೆ ಹಚ್ಚಿ ತಗ್ಗಿಸಬಹುದು. ಉಜ್ಜುವುದು ಪೈಪಿನ ಸುತ್ತ, ಅಡ್ಡಡ್ಡವಾಗಿ. ಮೇಲೆ ಕೆಳಗೆ ಉದ್ದಕ್ಕೆ ಉಜ್ಜಿದರೆ ಎಣ್ಣೆ ಇಳಿಯಲು ಕಾಲುವೆ ತೋಡಿಕೊಟ್ಟಂತೆ. ಎದ್ದ ಅಂಚನ್ನಷ್ಟೇ ಇಳಿಸಬೇಕು, ಸುತ್ತಲಿನ ಕ್ರೋಮನ್ನು ಸವೆಸಬಾರದು. ಸೂಜಿಮೊನೆಯಷ್ಟು ಗುಳಿಗಳಿದ್ದರೆ ಪಸೆಯಿಲ್ಲದಂತೆ ಒರೆಸಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮಟ್ಟಸವಾಗಿ ಉಜ್ಜುವುದು ತಕ್ಕಮಟ್ಟಿಗೆ ಬಾಳುವ ಉಪಾಯ. ಗುಳಿಗಳು ಗುಂಪಾಗಿದ್ದರೆ, ಕ್ರೋಮ್ ಚಕ್ಕೆಯೆದ್ದಿದ್ದರೆ ಉಪಾಯಗಳಿಗೆ ಅರ್ಥವಿಲ್ಲ. 100–200 ಸಿಸಿಯ ಬೈಕಾದರೆ ಹೊಸ ಪೈಪೇ ಸಲೀಸು. ಬಿಡಿಭಾಗ ಸಿಗದ ಹಳೆಯ ಬೈಕಿಗೆ, ದುಬಾರಿ ಆಮದು ಬೈಕಿಗೆ ಹಾರ್ಡ್ ಕ್ರೋಮ್ ಮಾಡಿಸುವುದು ಲಾಭ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಆ ಕೆಲಸ ಮಾಡುವವರಿದ್ದಾರೆ. ಲೇಪನ ಕೊಟ್ಟರಷ್ಟೇ ಸಾಲದು, ಮೂಲ ಅಳತೆಗೆ ಗ್ರೈಂಡ್ ಮಾಡಿಕೊಡಬೇಕೆಂದು ಮೊದಲೇ ಹೇಳಬೇಕು.

ಪೈಪು ಬಾಗಿದ್ದರೂ ಸೀಲ್ ಉಳಿಯುವುದಿಲ್ಲ. ಬಿದ್ದ ಬೈಕಿನಲ್ಲಿ, ಚರಂಡಿಗೆ ಇಳಿದ ಬೈಕಿನಲ್ಲಿ ಇದು ಸಾಮಾನ್ಯ. ಬಿಚ್ಚಿದ ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿದಾಗ ಕೆಳಗೆ ಬೆಳಕು ಮಿನುಗಿ ಮರೆಯಾದರೆ ಬಾಗಿದೆ ಎಂದರ್ಥ.

ಸೀಲ್ ಬದಲಿಸುವ ಕ್ರಮ

ಬೇಕಾದವು ಎರಡೂ ಕಾಲಿಗೆ ಆಯಿಲ್ ಸೀಲ್, ಡಸ್ಟ್ ಸೀಲ್, ಬುಡದ ಬೋಲ್ಟಿಗೆ ತಾಮ್ರದ ವಾಷರ್, ಮೇಲಿನ ಮುಚ್ಚಳದ ಓ-ರಿಂಗ್ ಮತ್ತು ಫೋರ್ಕ್ ಎಣ್ಣೆ. ಒಂದು ಕಾಲು ಮಾತ್ರ ಸೋರಿದ್ದರೂ ಎರಡನ್ನೂ ಬದಲಿಸಬೇಕು. ಇನ್ನೊಂದು ಸೀಲೂ ಅದೇ ಕೆಸರಿನಲ್ಲಿ ಅಷ್ಟೇ ದೂರ ಓಡಿರುತ್ತದೆ. ಸೀಲಿನ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂದು ಮೂರು ಅಂಕಿಗಳಿರುತ್ತವೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕಂಪನಿಯ ಸೀಲ್ ಆ ದಿನ ಸಿಗದಿದ್ದರೆ ಮೂರೂ ಅಂಕಿ ಹೊಂದುವ, ಫೋರ್ಕಿಗೆಂದೇ ಮಾಡಿದ ಸೀಲನ್ನು ತರಬಹುದು. ತಿರುಗುವ ಶಾಫ್ಟಿನ ಸೀಲ್ ಅಳತೆಗೆ ಸರಿಹೊಂದಿದರೂ ಜಾರುವ ಪೈಪಿಗೆ ನಿಲ್ಲುವುದಿಲ್ಲ.

ಮಣ್ಣುದಾರಿಯ ಬೈಕುಗಳಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದಿರುವುದೇ ಹೆಚ್ಚು. ಎಂಜಿನ್ ಅಡಿಗೆ ಮರದ ದಿಮ್ಮಿ ಕೊಟ್ಟು, ಮುಂಚಕ್ರ ನೆಲ ಬಿಡುವಂತೆ ಬೈಕನ್ನು ಅಲುಗದ ಹಾಗೆ ನಿಲ್ಲಿಸಬೇಕು. ಕ್ಯಾಲಿಪರ್ ಬಿಚ್ಚಿ, ಅದು ಹೋಸಿಗೆ ಜೋತುಬೀಳದಂತೆ ತಂತಿಯಿಂದ ಕಟ್ಟಿ, ಪ್ಯಾಡುಗಳ ನಡುವೆ ಮರದ ಚೂರು ಸಿಕ್ಕಿಸಿಡಬೇಕು. ಇಲ್ಲದಿದ್ದರೆ ಮಕ್ಕಳು ಬಂದು ಬ್ರೇಕ್ ಲಿವರ್ ಹಿಡಿದರೆ ಪಿಸ್ಟನ್ ಹೊರಗೆ ಬರುತ್ತದೆ. ಎಬಿಎಸ್ ಸೆನ್ಸರಿನ ವೈರು ಇದ್ದರೆ ಅದನ್ನೂ ಬಿಡಿಸಿಡಬೇಕು. ಫೋರ್ಕ್ ಹೊರತೆಗೆಯುವ ಮೊದಲೇ ಮಾಡಬೇಕಾದ ಕೆಲಸಗಳು ಎರಡು. ಮೇಲಿನ ಕ್ಲಾಂಪಿನ ಬೋಲ್ಟ್ ಸಡಿಲಿಸಿ, ಕೆಳಗಿನ ಕ್ಲಾಂಪ್ ಬಿಗಿಯಾಗಿರುವಾಗಲೇ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಬೇಕು. ಬುಡದ ಅಲೆನ್ ಬೋಲ್ಟನ್ನೂ ಸ್ಪ್ರಿಂಗ್ ಒಳಗಿರುವಾಗಲೇ ಸ್ವಲ್ಪ ಬಿಡಿಸಬೇಕು. ಸ್ಪ್ರಿಂಗಿನ ಒತ್ತಡ, ಆ ಬೋಲ್ಟ್ ಕಚ್ಚಿಕೊಂಡಿರುವ ಒಳಗಿನ ಡ್ಯಾಂಪರ್ ರಾಡನ್ನು ಹಿಡಿದಿರುವುದರಿಂದ ಬೋಲ್ಟ್ ಬಿಚ್ಚುತ್ತದೆ. ಸ್ಪ್ರಿಂಗ್ ತೆಗೆದ ಮೇಲಾದರೆ ಬೋಲ್ಟಿನ ಜೊತೆ ರಾಡೂ ತಿರುಗುತ್ತಲೇ ಇರುತ್ತದೆ. ಮನೆಯಲ್ಲಿ ಶುರುಮಾಡಿದ ಕೆಲಸ ಗೋಣಿಚೀಲದಲ್ಲಿ ಗ್ಯಾರೇಜಿಗೆ ಹೋಗುವುದು ಸಾಮಾನ್ಯವಾಗಿ ಈ ಬೋಲ್ಟಿನ ದೆಸೆಯಿಂದ. ಅಲ್ಲಿನ ಗಾಳಿ ಗನ್ ಅದನ್ನು ಕ್ಷಣದಲ್ಲಿ ಬಿಡಿಸುತ್ತದೆ.

ಪೈಪಿನ ತುದಿ ಮೇಲಿನ ಕ್ಲಾಂಪಿನಿಂದ ಎಷ್ಟು ಹೊರಗಿತ್ತು ಎಂದು ಗುರುತು ಹಾಕಿಕೊಂಡು, ಚಕ್ರ ಕಳಚಿ, ಕೆಳಗಿನ ಕ್ಲಾಂಪನ್ನೂ ಸಡಿಲಿಸಿ, ಕಾಲುಗಳನ್ನು ತಿರುಚುತ್ತಾ ಕೆಳಗೆಳೆಯಬೇಕು. ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ; ಕೊನೆಯ ಎಳೆ ಬಿಡುವಾಗ ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು ಅಂಗೈಯಿಂದ ಒತ್ತಿ ಹಿಡಿಯಬೇಕು. ಸ್ಪ್ರಿಂಗ್ ಯಾವ ತುದಿ ಮೇಲಾಗಿತ್ತು ಎಂಬುದನ್ನು ನೋಡಿಟ್ಟುಕೊಂಡು ಎಣ್ಣೆ ಬಸಿಯಬೇಕು. ಬೂದು ಬಣ್ಣದ ಹೊಳಪು ಎಣ್ಣೆಯಲ್ಲಿದ್ದರೆ ಅದು ಸವೆದ ಲೋಹ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ, ಆಗುಂಬೆಯ ಕಡೆಯ ಬೈಕುಗಳಲ್ಲಿ ಅಪರೂಪವೇನಲ್ಲ.

ಡಸ್ಟ್ ಸೀಲ್ ಮೀಟಿ, ಲಾಕ್ ಕ್ಲಿಪ್ ತೆಗೆದ ಮೇಲೆ ಎರಡು ದಾರಿಗಳಿವೆ. ಪೈಪು ಜಾರುವ ಲೋಹದ ಬಳೆ, ಅಂದರೆ ಬುಶ್, ಇರುವ ದೊಡ್ಡ ಫೋರ್ಕಿನಲ್ಲಿ ಪೈಪನ್ನೂ ಬಾಟಮ್ ಕೇಸನ್ನೂ ಹಿಡಿದು ಹಲವು ಸಲ ಜಗ್ಗಿದರೆ ಬುಶ್ಶೇ ಸೀಲನ್ನು ತಳ್ಳಿಕೊಂಡು ಹೊರಬರುತ್ತದೆ. ಚಿಕ್ಕ ಬೈಕುಗಳಲ್ಲಿ ಪೈಪು ಸಲೀಸಾಗಿ ಕಳಚಿ ಬಂದು ಸೀಲ್ ಕೇಸಿನಲ್ಲೇ ಉಳಿಯುತ್ತದೆ. ಕೇಸಿನ ಅಂಚಿಗೆ ದಪ್ಪ ಬಟ್ಟೆ ಕೊಟ್ಟು ಟೈರ್ ಲಿವರಿನಿಂದ ಮೀಟಬೇಕು. ಸೀಲ್ ಕೂರುವ ಅಲ್ಯೂಮಿನಿಯಂ ಗೋಡೆಗೆ ಗೀರು ಬಿದ್ದರೆ ಹೊಸ ಸೀಲಿನ ಹೊರಮೈಯಿಂದಲೇ ಎಣ್ಣೆ ಬರುತ್ತದೆ. ಬುಶ್ಶಿನ ಮೇಲಿನ ಬೂದು ಟೆಫ್ಲಾನ್ ಪದರ ಸವೆದು ತಾಮ್ರದ ಬಣ್ಣ ಕಂಡರೆ ಅದನ್ನೂ ಬದಲಿಸಬೇಕು, ಏಕೆಂದರೆ ಸಡಿಲ ಬುಶ್ಶಿನಲ್ಲಿ ಪೈಪು ಅತ್ತಿತ್ತ ಆಡುತ್ತದೆ, ಸೀಲಿನ ತುಟಿ ಒಂದೇ ಬದಿಗೆ ಸವೆಯುತ್ತದೆ.

ಎಲ್ಲ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಪೈಪು ಕೇಸಿನೊಳಗೆ ಕೂತ ಮೇಲೆ ಅದರ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ, ಎಣ್ಣೆ ಸವರಿ, ಸೀಲನ್ನು ಜಾರಿಸಬೇಕು. ಅಂಕಿ ಬರೆದ ಮುಖ ಹೊರಗೆ, ಸ್ಪ್ರಿಂಗ್ ಬಳೆ ಕಾಣುವ ಮುಖ ಎಣ್ಣೆಯ ಕಡೆಗೆ. ಸೀಲ್ ತಳ್ಳುವ ಸಲಕರಣೆ ಇಲ್ಲದಿದ್ದರೆ ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ತುಂಡು ಬಹಳ ಚೆನ್ನಾಗಿ ಒದಗುತ್ತದೆ: ಫೋರ್ಕ್ ಪೈಪಿನ ಮೇಲೆ ಸಡಿಲವಾಗಿ ಜಾರುವ, ಸೀಲಿನ ಅಂಚಿನ ಮೇಲೆ ಕೂರುವ ಅಳತೆಯದಾಗಿರಬೇಕು, ತುದಿ ನೇರವಾಗಿ ಕತ್ತರಿಸಿರಬೇಕು. ಹೊಸ ಸೀಲಿನ ಮೇಲೆ ಹಳೆಯದನ್ನಿಟ್ಟು ಬಡಿದರೆ ಹೊಸದಕ್ಕೆ ಪೆಟ್ಟಾಗುವುದಿಲ್ಲ. ಕ್ಲಿಪ್ ಕೂರುವ ಗೆರೆ ಸುತ್ತಲೂ ಪೂರ್ತಿ ಕಂಡಾಗ ಸೀಲ್ ತಳ ಮುಟ್ಟಿದೆ. ಸ್ಕ್ರೂಡ್ರೈವರಿನಿಂದ ಒಂದೊಂದು ಬದಿಗೆ ಬಡಿಯುವ ಅವಸರದಲ್ಲಿ ಹಾಳಾದ ಹೊಸ ಸೀಲುಗಳು, ರಸ್ತೆಯಲ್ಲಿ ಹಾಳಾದವುಗಳಿಗಿಂತ ಕಡಿಮೆಯಿರಲಾರವು.

ಬುಡದ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ, ಎಳೆಗೆ ಥ್ರೆಡ್ ಲಾಕ್ ಹಚ್ಚಿ, ಬೈಕಿನ ಕೈಪಿಡಿ ಹೇಳಿದ ಬಿಗಿತಕ್ಕೆ ಬಿಗಿಯಬೇಕು. ಈ ವಾಷರ್ ಮರೆತರೆ ಸೀಲ್ ಹೊಸದಾಗಿದ್ದೂ ಕಾಲಿನ ಬುಡದಿಂದ ಎಣ್ಣೆ ತೊಟ್ಟಿಕ್ಕುತ್ತದೆ.

ಎಣ್ಣೆಯ ಆಯ್ಕೆಯಲ್ಲಿ ಕೈಪಿಡಿಯ ಮಾತೇ ಕೊನೆ. ಸಾಮಾನ್ಯ ಬೈಕುಗಳಿಗೆ 10 ಡಬ್ಲ್ಯು ದರ್ಜೆಯದು ಹೆಚ್ಚಾಗಿ ಬಳಕೆಯಲ್ಲಿದೆ. ಉಳಿದ ಎಂಜಿನ್ ಆಯಿಲ್ ಸುರಿಯುವುದುಂಟು. 20ಡಬ್ಲ್ಯು-40ರಂಥ ದಪ್ಪ ಎಣ್ಣೆಯಲ್ಲಿ ಫೋರ್ಕ್ ಗಡುಸಾಗಿ, ಸಣ್ಣ ಗುಂಡಿಗಳೆಲ್ಲ ಕೈಗೆ ಬಡಿಯುತ್ತವೆ. ಬ್ರೇಕ್ ಆಯಿಲ್ ಅಂತೂ ಸೀಲಿನ ರಬ್ಬರನ್ನೇ ಕೆಡಿಸುತ್ತದೆ. ಎಣ್ಣೆ ತುಂಬಿ, ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಗುಳ್ಳೆ ಬಿಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಸ್ಪ್ರಿಂಗ್ ಇಲ್ಲದೆ ಪೈಪನ್ನು ಪೂರ್ತಿ ಕೆಳಗೆ ಒತ್ತಿ, ತುದಿಯಿಂದ ಎಣ್ಣೆಯ ಮಟ್ಟದವರೆಗೆ ಅಳೆಯಬೇಕು. ಕೈಪಿಡಿ ಮಟ್ಟದ ಅಳತೆ ಹೇಳದೆ ಪ್ರಮಾಣವನ್ನಷ್ಟೇ ಹೇಳಿದ್ದರೆ ಅಳತೆಯ ಲೋಟದಿಂದ ಹಾಕಿ, ಕೊನೆಗೆ ಎರಡೂ ಕಾಲುಗಳ ಮಟ್ಟವನ್ನು ಹೋಲಿಸಬಹುದು. ಹೆಚ್ಚು ಹಾಕಿದರೆ ಒಳ್ಳೆಯದೆಂಬುದು ತಪ್ಪು. ಎಣ್ಣೆ ಹೆಚ್ಚಾದರೆ ಮೇಲಿನ ಗಾಳಿಗೆ ಜಾಗ ಉಳಿಯದೆ, ದೊಡ್ಡ ಗುಂಡಿಯಲ್ಲಿ ಒತ್ತಡವೆಲ್ಲ ಸೀಲಿನ ಮೇಲೆ ಬೀಳುತ್ತದೆ.

ಜೋಡಿಸುವಾಗ ಬಹಳ ಕಡೆ ತಪ್ಪಿಹೋಗುವ ಹೆಜ್ಜೆ ಆಕ್ಸಲಿನದು. ಆಕ್ಸಲ್ ಬಿಗಿದ ಮೇಲೆ, ಅದನ್ನು ಹಿಡಿಯುವ ಪಕ್ಕದ ಬೋಲ್ಟ್ ಇರುವ ಬೈಕಿನಲ್ಲಿ ಅದನ್ನು ಸಡಿಲವಾಗಿಯೇ ಬಿಟ್ಟು, ಬೈಕನ್ನು ನೆಲಕ್ಕಿಳಿಸಿ, ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕಾರು ಸಲ ಒತ್ತಿ, ಆಮೇಲೆ ಬಿಗಿಯಬೇಕು. ಆಗ ಎರಡು ಕಾಲುಗಳೂ ತಮ್ಮಷ್ಟಕ್ಕೆ ಸಮಾನಾಂತರವಾಗಿ ನಿಲ್ಲುತ್ತವೆ. ಸೊಟ್ಟಗೆ ಬಿಗಿದ ಕಾಲುಗಳಲ್ಲಿ ಹೊಸ ಸೀಲಿಗೆ ಮೊದಲ ದಿನದಿಂದಲೇ ಒಂದು ಬದಿಯ ಒತ್ತಡ. ಹೊರಡುವ ಮುನ್ನ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ ನೋಡಲು ಮರೆಯಬಾರದು. ಕ್ಯಾಲಿಪರ್ ಬಿಚ್ಚಿದ ಬೈಕಿನಲ್ಲಿ ಮೊದಲ ಒತ್ತು ಖಾಲಿ ಹೋಗಬಹುದು.

ಮಳೆಗಾಲದ ಕಾಳಜಿ

ಪೈಪನ್ನು ಮುಚ್ಚುವ ರಬ್ಬರ್ ತಿದಿ ಹಾಕಬೇಕೇ ಬೇಡವೇ ಎಂಬುದು ಸವಾರರ ನಡುವೆ ಮುಗಿಯದ ವಾದ. ಮೊದಲ ಹಿಮಾಲಯನ್ ಬೈಕಿಗೆ ಕಂಪನಿಯೇ ತಿದಿ ಹಾಕಿತ್ತು. ಕಲ್ಲೇಟಿನಿಂದ, ಬೇಸಿಗೆಯ ಧೂಳಿನಿಂದ ಅದು ಪೈಪನ್ನು ಕಾಯುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಮಳೆಗಾಲದ ಆಗುಂಬೆಯಲ್ಲಿ ಮಾತ್ರ ಒಳಗೆ ಹೊಕ್ಕ ತೇವ ಹೊರಗೆ ಬರುವುದಿಲ್ಲ, ಕಣ್ಣಿಗೆ ಕಾಣದ ಕಡೆ ಪೈಪು ತುಕ್ಕು ಹಿಡಿಯುತ್ತದೆ. ತಿದಿ ಇರುವವರು ತಿಂಗಳಿಗೊಮ್ಮೆಯಾದರೂ ಅದನ್ನು ಮೇಲೆ ಸರಿಸಿ ಒರೆಸಬೇಕು, ಕೆಳಗಿನ ತೂತುಗಳು ಕೆಸರಿನಿಂದ ಮುಚ್ಚಿಹೋಗದಂತೆ ನೋಡಬೇಕು. ಸ್ಪರ್ಧಿಗಳು ಸುತ್ತಿಕೊಳ್ಳುವ ನಿಯೋಪ್ರೀನ್ ಬಟ್ಟೆಯ ಚೀಲಗಳು ಈ ಹವೆಗೆ ಸಲ್ಲವು. ಒಮ್ಮೆ ಕೆಂಪುನೀರು ಹೀರಿಕೊಂಡರೆ ಅವು ಪೈಪಿಗೆ ಸುತ್ತಿದ ಮರಳುಕಾಗದವಾಗುತ್ತವೆ.

ತೊಳೆಯುವ ರೀತಿಯಲ್ಲೇ ಅರ್ಧ ರಕ್ಷಣೆ ಇದೆ. ಕೆಸರು ಒಣಗುವ ಮೊದಲು ಪೈಪಿನ ಮೇಲೆ ನೀರು ಹರಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ವಾಟರ್ ಸರ್ವಿಸ್ ಅಂಗಡಿಯ ಪಂಪಿನ ನೀರನ್ನು ಡಸ್ಟ್ ಸೀಲಿನ ಬಾಯಿಗೆ ನೇರ ಹಿಡಿಯಬಾರದೆಂದು ಅಲ್ಲಿಯವರಿಗೆ ಮುಂಚೆಯೇ ಹೇಳುವುದು ಲೇಸು. ಹೊರಗಿನ ಮಣ್ಣನ್ನು ಒಳಗೆ ತಳ್ಳಲು ಅದಕ್ಕಿಂತ ಸುಲಭ ದಾರಿ ಇಲ್ಲ. ಒರೆಸಿದ ಪೈಪಿಗೆ ತುಸು ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿಕೊಂಡು ಸವರಬಹುದು. ನೇರ ಸಿಂಪಡಿಸಿದರೆ ಡಿಸ್ಕಿಗೆ ಹಾರುತ್ತದೆ. ಗ್ರೀಸ್ ಬಳಿಯಬಾರದು, ಕೆಸರು ಅದಕ್ಕೇ ಕಚ್ಚಿಕೊಳ್ಳುತ್ತದೆ.

ಡಾಂಬರು ರಸ್ತೆಯ ಬೈಕಿನಲ್ಲಿ ಫೋರ್ಕ್ ಎಣ್ಣೆ ಎರಡು ವರ್ಷ ನಡೆಯಬಹುದು. ವರ್ಷವಿಡೀ ಮಣ್ಣುದಾರಿಯಲ್ಲಿರುವುದಕ್ಕೆ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುವುದು ನ್ಯಾಯ. ಘಟ್ಟದ ಕೆಳಗಿನ ಉಡುಪಿಯವರಾದ ಬೈಕ್ ಸ್ಪರ್ಧಿ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದರು. ಆ ಮಟ್ಟದ ಸ್ಪರ್ಧೆಯಲ್ಲಿ ದಿನದ ಓಟ ಮುಗಿದ ಕೂಡಲೇ ಮೆಕ್ಯಾನಿಕ್‌ಗಳ ತಂಡ ಬೈಕನ್ನು ಬಿಚ್ಚಿ ನೋಡುವುದು ರೂಢಿ. ತೋಟದ ಬೈಕಿಗೆ ಆ ಭಾಗ್ಯ ದೀಪಾವಳಿಯ ಹೊತ್ತಿಗೆ ಒಮ್ಮೆ ಸಿಕ್ಕರೂ ಸೀಲುಗಳ ಆಯಸ್ಸು ಹೆಚ್ಚುತ್ತದೆ.

ಬಸಿದ ಹಳೆಯ ಎಣ್ಣೆಯನ್ನು ಅಂಗಳದ ಚರಂಡಿಗೆ ಚೆಲ್ಲಬಾರದು. ಈ ಸೀಮೆಯ ಚರಂಡಿಗಳು ಹಳ್ಳ ಸೇರುತ್ತವೆ, ಹಳ್ಳಗಳು ಮಾಲತಿ, ತುಂಗೆ, ಸೀತೆ, ಶರಾವತಿ ನದಿಗಳನ್ನು. ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಎಂಜಿನ್ ಆಯಿಲ್ ಬದಲಿಸುವ ಗ್ಯಾರೇಜಿಗೆ ಕೊಟ್ಟರೆ ಅಲ್ಲಿನ ಹಳೆ ಎಣ್ಣೆಯ ಡ್ರಮ್ಮಿಗೆ ಸೇರುತ್ತದೆ.